ಮಲ್ಲಯ್ಯನ ಹಾದಿಯಲ್ಲಿ ಗಂಡ ನಿಂತರೆ ಹೆಂಡತಿಯೂ ನಿಲ್ಲಬೇಕೆ?

“ಮಾಸ್ತರ, ನೀವು ಬಸ್ಸಿನ್ಯಾಗ ಹೋದ್ರಂತ, ಮನಿಯವ್ರು ನಡಕೋತ ಹೋದ್ರಂತ. ಖರೇ ಏನ್ರಿ?”

ಶ್ರೀಶೈಲದಿಂದ ತಿರುಗಿ ಬಂದ ಮೇಲೆ ಊರ ಕಟ್ಟೆಯಲ್ಲಿ ಈ ಪ್ರಶ್ನೆಯನ್ನು ಎಷ್ಟು ಮಂದಿ ಕೇಳಿದರೋ ಲೆಕ್ಕವಿಲ್ಲ. ಕೇಳುವವರ ಮುಖದಲ್ಲಿ ಒಂದು ನಗು. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು, ಆಮೇಲೆ ಸಿಟ್ಟು ಬಂತು. ಈಗ ಎರಡೂ ಇಳಿದಿವೆ, ಆದ್ದರಿಂದ ಬರೆಯಲು ಕುಳಿತಿದ್ದೇನೆ. ಇದೇ ಕಟ್ಟೆಯ ಮೇಲೆ, ಹೆಂಡತಿಯನ್ನು ಅರ್ಧ ದಾರಿಯಲ್ಲಿ ಬಸ್ಸಿಗೆ ಹತ್ತಿಸಿ ತಾನು ನಡೆದು ಮಲ್ಲಯ್ಯನನ್ನು ಕಂಡು ಬಂದ ಗಂಡಸರು ನಾಲ್ಕಾರು ಮಂದಿ ಕೂಡುತ್ತಾರೆ. ಅವರನ್ನು ಯಾರೂ ಏನೂ ಕೇಳಿಲ್ಲ. ಅವರಿಗೆ ಹೂವಿನ ಮಾಲೆ ಹಾಕಿದ್ದೇವೆ. ಹಾಕಿದವರಲ್ಲಿ ನಾನೂ ಒಬ್ಬ.

ಕಾಸರಗೋಡಿನ, ನೀಲಗಿರಿಯ ಓದುಗರಿಗೆ ಈ ನಡಿಗೆಯ ವಿಷಯ ಸ್ವಲ್ಪ ಹೇಳಬೇಕು. ಯುಗಾದಿ ಹತ್ತಿರ ಬಂತೆಂದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು ಸೀಮೆಯಿಂದ, ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯಿಂದ ಸಾವಿರಗಟ್ಟಲೆ ಜನ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ನಮ್ಮ ಪಾಲಿಗೆ ಭ್ರಮರಾಂಬೆ ಕನ್ನಡದ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಅರಿಷಿಣ ಕುಂಕುಮ ಒಯ್ಯುವುದು ತವರಿನವರ ಕೆಲಸ. ನಮ್ಮ ಊರಿನಿಂದ ವಿಜಯಪುರ, ತಾಳಿಕೋಟಿ, ಹುಣಸಗಿ, ಕೃಷ್ಣೆಯನ್ನು ದಾಟಿ ದೇವದುರ್ಗ, ರಾಯಚೂರು. ಅಲ್ಲಿಂದ ತುಂಗಭದ್ರೆಯನ್ನು ದಾಟಿ ಮಂತ್ರಾಲಯ, ಎಮ್ಮಿಗನೂರು, ಕರ್ನೂಲು, ಆತ್ಮಕೂರು. ಒಟ್ಟು 500 ಕಿಲೋಮೀಟರಿಗೂ ಮೇಲೆ.

ಇಷ್ಟು ದಾರಿ ಡಾಂಬರಿನದು. ನಿಜವಾದ ಪರೀಕ್ಷೆ ಆಮೇಲೆ. ಆತ್ಮಕೂರಿನ ಆಚೆ ವೆಂಕಟಾಪುರದಲ್ಲಿ ರಸ್ತೆ ಬಿಟ್ಟು ನಲ್ಲಮಲ ಕಾಡಿಗೆ ಇಳಿಯಬೇಕು. ನಾಗಲೂಟಿ, ಪೆದ್ದ ಚೆರುವು, ಮಠಂ ಬಾವಿ, ಕಡೆಗೆ ಭೀಮನ ಕೊಳ್ಳ. ಕೊಳ್ಳದ ಆಳಕ್ಕೆ ಇಳಿದು, ಎದುರಿನ ಕಲ್ಲು ಮೆಟ್ಟಿಲು ಹತ್ತಿದರೆ ಕೈಲಾಸದ್ವಾರ. ಶ್ರೀಶೈಲಕ್ಕೆ ಬರುವ ಯಾತ್ರಿಕರಿಗಾಗಿ 14ನೇ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮ ಮೆಟ್ಟಿಲು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಸುಮಾರು 40 ಕಿಲೋಮೀಟರಿನ ಈ ಕಾಡು ದೇಶದ ದೊಡ್ಡ ಹುಲಿ ರಕ್ಷಿತಾರಣ್ಯಗಳಲ್ಲಿ ಒಂದರ ಭಾಗ. ಹುಲಿ, ಚಿರತೆ, ಕರಡಿ ಇರುವ ಜಾಗ. ಚೆಂಚು ಜನರ ನೆಲ. ಅವರಿಗೂ ಮಲ್ಲಯ್ಯ ಅಳಿಯನೇ!

ಹತ್ತು ಹೆಜ್ಜೆ ಮುಂದೆ

ನಾವಿಬ್ಬರೂ ಜತ್ತ ತಾಲ್ಲೂಕಿನವರು. ಸರಕಾರ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ, ದೇವರು ಆಂಧ್ರದಲ್ಲಿ. ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಮದುವೆಯಾಗಿ 34 ವರ್ಷ. ಈ 34 ವರ್ಷಗಳಲ್ಲಿ ನಾವು ಜೋಡಿಯಾಗಿ ನಡೆದದ್ದು ಅಂದರೆ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ. ಅದೂ ನಾನು ಹತ್ತು ಹೆಜ್ಜೆ ಮುಂದೆ, ನಮ್ಮಾಕಿ ಚೀಲ ಹಿಡಿದು ಹಿಂದೆ.

“ಕಾಲಾಗ ಶಕ್ತಿ ಇರೂದ್ರಾಗ ಒಮ್ಮೆ ನಡದು ಬರೋಣ್ರಿ” ಎಂದು ಅವಳು ಹತ್ತು ವರ್ಷದಿಂದ ಅನ್ನುತ್ತಿದ್ದಳು. ನಾನು ರಜೆಯಿಲ್ಲ ಅನ್ನುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ನೆಪವೂ ಹೋಯಿತು. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಿತ್ತು. ನಾವು 11ರಂದು ಹೊರಟೆವು. ತಂಡದಲ್ಲಿ 60 ಮಂದಿ, ಅದರಲ್ಲಿ ಹೆಣ್ಣುಮಕ್ಕಳು 22. ಹಾಸಿಗೆ, ರೊಟ್ಟಿ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹೊರಲು ಒಂದು ಟ್ರ್ಯಾಕ್ಟರ್. ಬೆಳಗಿನ ಮೂರಕ್ಕೆ ಎದ್ದು ಹತ್ತರವರೆಗೆ, ಮತ್ತೆ ಸಂಜೆ ನಾಲ್ಕರಿಂದ ರಾತ್ರಿ ಎಂಟರವರೆಗೆ ನಡಿಗೆ.

ಮೊದಲ ನಾಲ್ಕು ದಿನ ನಾನು ಹುರುಪಿನಲ್ಲಿದ್ದೆ. ಗಂಡಸರ ಗುಂಪಿನಲ್ಲಿ ಮುಂದೆ ಮುಂದೆ ಹೋಗುತ್ತಿದ್ದೆ. ಜೋಡಿಯಾಗಿ ಬಂದಿದ್ದೇವೆ ಎಂಬುದು ನೆನಪಾಗುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಐದನೆಯ ದಿನ ತಾಳಿಕೋಟಿಯ ಸಮೀಪ ನಮ್ಮಾಕಿ ತಲೆ ತಿರುಗಿ ಕುಳಿತಳೆಂದು ಸುದ್ದಿ ಬಂತು. ಹಿಂದಕ್ಕೆ ಹೋಗಿ ನೋಡಿದರೆ ತುಟಿ ಒಣಗಿ ಬಿಳಿಚಿಕೊಂಡಿದೆ, ಬಾಟಲಿಯಲ್ಲಿ ನೀರು ಹಾಗೇ ಇದೆ. “ನೀರು ಕುಡಿ ಅಂದ್ರ ಕುಡಿಯೂದಿಲ್ಲ, ಹಟಮಾರಿ” ಎಂದು ಎಲ್ಲರ ಮುಂದೆ ಬೈದೆ. ಪಕ್ಕದಲ್ಲಿದ್ದ ಒಬ್ಬ ಮುದುಕಿ ನನ್ನನ್ನೇ ನೋಡಿ ಕೇಳಿದಳು: “ಕುಡದ್ರ ಎಲ್ಲಿ ಹೋಗಬೇಕ್ರಿ ಮಾಸ್ತರ? ನಿಮಗರ ಒಂದು ಗ್ವಾಡಿ ಸಾಕು.”

ನನಗೆ ಮಾತು ಹೊರಡಲಿಲ್ಲ. ಐದು ದಿನದಿಂದ ಆ 22 ಹೆಣ್ಣುಮಕ್ಕಳು ಹಗಲು ಹೊತ್ತು ಬೇಕೆಂದೇ ನೀರು ಕಡಿಮೆ ಕುಡಿಯುತ್ತಿದ್ದರು. ಮಾರ್ಚ್ ತಿಂಗಳ ಬಿಸಿಲು, ಮರವಿಲ್ಲದ ರಸ್ತೆ, ಎರಡೂ ಕಡೆ ಬಟಾಬಯಲು ಹೊಲ. ಇಂಥದರಲ್ಲಿ ನೀರು ಬಿಟ್ಟರೆ ಮೂತ್ರದ ಉರಿ ಬರುತ್ತದೆ, ಬಿಸಿಲು ಬಡಿಯುತ್ತದೆ, ಜೀವಕ್ಕೇ ಸಂಚಕಾರ. ಶಾಲೆಯಲ್ಲಿ ಆರೋಗ್ಯದ ಪಾಠ ಮಾಡಿದ ನನಗೆ ನನ್ನ ಹೆಂಡತಿಯ ಬಾಟಲಿ ಯಾಕೆ ಖಾಲಿಯಾಗುವುದಿಲ್ಲ ಎಂಬುದು ತಿಳಿಯಲಿಲ್ಲ. ಹತ್ತು ಹೆಜ್ಜೆ ಮುಂದೆ ಇರುವವನಿಗೆ ಹಿಂದಿನದು ಹೇಗೆ ಕಾಣಬೇಕು?

ತಂಡದಲ್ಲಿ ಒಂದು ಹೊಸ ಜೋಡಿಯೂ ಇತ್ತು. ಹುಡುಗಿಗೆ ಅಂಗಾಲು ತುಂಬ ಗುಳ್ಳೆ ಎದ್ದಿದ್ದವು. ರಾಯಚೂರಿನಲ್ಲಿ ಅವಳಿಗೆ ತಿಂಗಳ ಮುಟ್ಟೂ ಆಯಿತು. ಕಂಬಿಯ ಹತ್ತಿರ ಬರಬಾರದು ಎಂದರು. ಗಂಡ ಒಂದು ಗಳಿಗೆ ತಲೆ ಕೆರೆದುಕೊಂಡು ನಿಂತ. ಆಮೇಲೆ ಅವಳನ್ನು ಒಬ್ಬಳನ್ನೇ ವಿಜಯಪುರದ ಬಸ್ಸಿಗೆ ಹತ್ತಿಸಿ, ಓಡುತ್ತ ಬಂದು ನಮ್ಮನ್ನು ಕೂಡಿಕೊಂಡ. “ಶಾಣ್ಯಾ ಇದ್ದಾನ, ಹರಕೆ ಮುರೀಲಿಲ್ಲ” ಎಂದು ಹಿರಿಯರು ಅವನ ಬೆನ್ನು ತಟ್ಟಿದರು. ಆ ಹುಡುಗಿಯ ಹರಕೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆತ್ಮಕೂರಿನ ರಾತ್ರಿ

ಮಂತ್ರಾಲಯ ದಾಟಿದ ಮೇಲೆ ಹಾದಿಯ ಹಳ್ಳಿಗಳಲ್ಲಿ ಮಜ್ಜಿಗೆ, ಅಂಬಲಿ, ಚಿತ್ರಾನ್ನ ಹಿಡಿದು ಜನ ನಿಂತಿದ್ದರು. ಆದವಾನಿ, ಎಮ್ಮಿಗನೂರು ಸೀಮೆಯ ಕನ್ನಡದವರು ಬಹಳ ಮಂದಿ. “ಎಲ್ಲಿಂದ ಬಂದ್ರಿ?” ಎಂದು ಕೇಳಿ, ಜತ್ತ ಎಂದ ಕೂಡಲೇ “ನಾವೂ ನಿಮ್ಮಂಗೇ ಗಡಿಯವ್ರು” ಎಂದು ಕೈ ಹಿಡಿದುಕೊಂಡರು. ಅವರ ಋಣ ತೀರುವಂಥದಲ್ಲ.

ಕರ್ನೂಲು ದಾಟುವಾಗ ನನ್ನ ಬಲಮೊಣಕಾಲು ಊದಿಕೊಂಡಿತು. ಆತ್ಮಕೂರು ಮುಟ್ಟುವ ಹೊತ್ತಿಗೆ ಕೋಲಿಲ್ಲದೆ ನಿಲ್ಲಲು ಆಗಲಿಲ್ಲ. ಔಷಧಿ ಶಿಬಿರದ ಡಾಕ್ಟರು ಮುಟ್ಟಿ ನೋಡಿ, ಬಸ್ಸಿನಲ್ಲಿ ಹೋಗಲು ಅಡ್ಡಿಯಿಲ್ಲ, ಭೀಮನ ಕೊಳ್ಳ ಮಾತ್ರ ಸಾಧ್ಯವಿಲ್ಲ ಎಂದರು. ಆತ್ಮಕೂರಿನಿಂದ ದೋರ್ನಾಲದ ಮೇಲೆ ಶ್ರೀಶೈಲಕ್ಕೆ ಬಸ್ ರಸ್ತೆಯಿದೆ. ಸರಿ, ನಾನು ಬಸ್ಸಿಗೆ ಎಂದಾಯಿತು.

“ಇಬ್ಬರೂ ಬಸ್ಸಿಗೆ ಹೋಗ್ರಿ. ಹೆಣಮಗಳು ಒಬ್ಬಾಕಿ ಅಡವ್ಯಾಗ ಹ್ಯಾಂಗ?” ಎಂದರು ತಂಡದ ಹಿರಿಯರು.

“ಒಬ್ಬಾಕಿ ಹ್ಯಾಂಗ ಆಗ್ತೀನ್ರಿ? ಇಷ್ಟು ಮಂದಿ ಇದ್ದೀರಲ್ರಿ” ಎಂದಳು ನಮ್ಮಾಕಿ.

ಹಿರಿಯರಿಗೆ ಉತ್ತರ ಹೊಳೆಯಲಿಲ್ಲ, ನನ್ನ ಮುಖ ನೋಡಿದರು. ಅವಳೂ ನೋಡಿದಳು. ನಾನು ಆಗ ‘ಹೋಗು’ ಅನ್ನಬೇಕಿತ್ತು. ಅನ್ನಲಿಲ್ಲ. “ನಿನ್ನ ಮರ್ಜಿ” ಅಂದೆ. ಮದುವೆಯಾದವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಾನು ಬಿದ್ದಲ್ಲಿ ಅವಳೂ ಬೀಳಲಿ ಎಂಬ ಆಸೆ ಅದರಲ್ಲಿತ್ತು. ಅವಳಿಗೂ ಅದು ತಿಳಿಯಿತು. ಆ ರಾತ್ರಿ ಉಪ್ಪು ಬಿಸಿ ಮಾಡಿ ಅರಿವೆಯಲ್ಲಿ ಕಟ್ಟಿ ನನ್ನ ಮೊಣಕಾಲಿಗೆ ಶಾಖ ಕೊಟ್ಟಳು. ಬೆಳಿಗ್ಗೆ ಗುಳಿಗೆಗಳನ್ನು ನನ್ನ ಅಂಗಿಯ ಕಿಸೆಗೆ ಹಾಕಿ, “ಊಟ ಆದಮ್ಯಾಗ ತಗೋರಿ. ಕೈಲಾಸದ್ವಾರದಾಗ ನಿಂದರ್ರಿ, ನಾ ಬರ್ತೀನಿ” ಎಂದು ಹೇಳಿ ಹೆಂಗಸರ ಗುಂಪಿನ ಜೊತೆ ನಡೆದುಬಿಟ್ಟಳು.

ಎರಡು ದಿನ ನಾನು ಕಾದೆ. ಜೀಪು ಹಿಡಿದು ಕೈಲಾಸದ್ವಾರಕ್ಕೆ ಹೋಗಿ, ನೀರಿನ ಟ್ಯಾಂಕಿನ ಪಕ್ಕದ ನೆರಳಿನಲ್ಲಿ ಕುಳಿತು, ಮೆಟ್ಟಿಲು ಹತ್ತಿ ಬರುವವರನ್ನು ನೋಡುವುದೇ ಕೆಲಸ. ಮೊದಲು ಗಂಡಸರ ಗುಂಪು “ಮಲ್ಲಯ್ಯಾ” ಎಂದು ಕೂಗುತ್ತ ಬರುವುದು. ಬಹಳ ಹೊತ್ತಿನ ಮೇಲೆ ಅದೇ ಊರಿನ ಹೆಂಗಸರು ಗೋಡೆ ಹಿಡಿದು, ಒಬ್ಬರ ಭುಜ ಒಬ್ಬರು ಹಿಡಿದು ಬರುವರು. ಮೇಲೆ ಬಂದ ಗಂಡಸರು ತಮ್ಮ ತಮ್ಮ ಮನೆಯವರನ್ನು ಹುಡುಕುತ್ತ ಅತ್ತಿತ್ತ ತಿರುಗುವರು. ಕೆಲವರು ಹುಡುಕದೆ ಮುಂದೆಯೂ ಹೋಗುವರು. ಕಾಯುವುದು ಏನೆಂಬುದು ನನಗೆ ಅಲ್ಲಿ ತಿಳಿಯಿತು. ನಡಿಗೆಗಿಂತ ಅದೇನೂ ಹಗುರವಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ಬಂದಳು. ನಮ್ಮ ತಂಡದ ಆ ಮುದುಕಿಯನ್ನು ಕೈಹಿಡಿದು ಹತ್ತಿಸುತ್ತ ಎಲ್ಲರಿಗಿಂತ ಹಿಂದೆ ಬಂದಳು. ನನ್ನನ್ನು ಕಂಡು ಆಡಿದ ಮೊದಲ ಮಾತು, “ಗುಳಿಗಿ ತಗೊಂಡ್ರಿಲ್ಲೋ?”

ಅಲ್ಲಿಂದ ಹಾಟಕೇಶ್ವರದ ಕಡೆಗೆ ಇಬ್ಬರೂ ನಡೆದೆವು. ನನ್ನ ಕೋಲಿಗೆ ತಕ್ಕಂತೆ ಅವಳು ಹೆಜ್ಜೆ ಹಾಕಿದಳು. ನಾನು ಅವಳಿಗಾಗಿ ಎಂದೂ ಹಾಗೆ ನಡೆದವನಲ್ಲ.

ಹಳೆಯ ನೆನಪು, ಪಕ್ಕದ ಪಾಠ

ಹಿರಿಯರು ಹೇಳುವ ಮಾತು ಒಂದಿದೆ: ದಂಪತಿಯ ಹರಕೆ ಜೋಡಿಯದು, ಒಬ್ಬರು ಬಿಟ್ಟರೆ ಇಬ್ಬರದೂ ಅರ್ಧ. ಹಾಗಿದ್ದರೆ ಗಂಡ ಮುಂದೆ ಹೋದಾಗ ಆ ಲೆಕ್ಕ ಎಲ್ಲಿ ಹೋಗುತ್ತದೆ? ರಾಯಚೂರಿನಲ್ಲಿ ಹುಡುಗಿ ನಿಂತಾಗ ಹುಡುಗನ ಹರಕೆ ಪೂರಾ ಆಯಿತು. ಆತ್ಮಕೂರಿನಲ್ಲಿ ನಾನು ನಿಂತಾಗ ನಮ್ಮಾಕಿಯ ಹರಕೆ ಮಾತ್ರ ಅರ್ಧವಾಗಬೇಕೆ? ಇದು ಧರ್ಮದ ಲೆಕ್ಕವಲ್ಲ, ಗಂಡಸರ ಅನುಕೂಲದ ಲೆಕ್ಕ.

ಈ ಹಾದಿಯ ಹಿರಿಯಳು ಯಾರು? ಅಕ್ಕಮಹಾದೇವಿ. ಕೌಶಿಕನ ಅರಮನೆ ಬಿಟ್ಟು, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದ ಹೆಣ್ಣುಮಗಳು. ಮದುವೆ ಬಿಟ್ಟು ಬರಬೇಕೆಂದು ನಾನು ಯಾರಿಗೂ ಹೇಳುತ್ತಿಲ್ಲ. ಹೇಮರೆಡ್ಡಿ ಮಲ್ಲಮ್ಮನೂ ಇದೇ ಮಲ್ಲಯ್ಯನ ಭಕ್ತೆ. ಅವಳು ಗಂಡನ ಮನೆಯ ಕಷ್ಟವನ್ನೆಲ್ಲ ಉಂಡು ಸಂಸಾರದಲ್ಲೇ ಇದ್ದು ಗೆದ್ದವಳು. ಒಬ್ಬಳು ಬಿಟ್ಟು ಬಂದವಳು, ಒಬ್ಬಳು ಇದ್ದು ಬಂದವಳು. ಇಬ್ಬರ ಹೆಸರೂ ಶ್ರೀಶೈಲದಲ್ಲಿ ಉಳಿದಿದೆ. ಪಾತಾಳಗಂಗೆಗೆ ಇಳಿಯುವ ಮೆಟ್ಟಿಲು ಕಟ್ಟಿಸಿದವಳೂ ಒಬ್ಬ ಹೆಂಡತಿಯೇ, ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆ. ಇಂಥ ಸ್ಥಳದ ಹಾದಿಯಲ್ಲಿ ‘ಗಂಡ ಇಲ್ಲದೆ ಹ್ಯಾಂಗ’ ಎಂಬ ಮಾತು ಎಲ್ಲಿಂದ ಹುಟ್ಟಿತೋ!

ಗಡಿಯಲ್ಲಿ ಇರುವ ನಮಗೆ ಒಂದಲ್ಲ, ಎರಡು ನಡಿಗೆ ಗೊತ್ತು. ಯುಗಾದಿಗೆ ಶ್ರೀಶೈಲ, ಆಷಾಢಕ್ಕೆ ಪಂಢರಪುರ. ಆಳಂದಿಯಿಂದ, ದೇಹೂವಿನಿಂದ ಪಾಲಖಿಯ ಜೊತೆ ಬರುವ ದಿಂಡಿಗಳನ್ನು ನೋಡಿರಿ. ಪ್ರತಿ ದಿಂಡಿಗೂ ನಂಬರಿದೆ, ಸಾಮಾನಿನ ಲಾರಿಯಿದೆ, ತಂಬುಗಳಿವೆ. ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸು ತನ್ನ ದಿಂಡಿಯಲ್ಲಿ ತಾನು ನಡೆಯುತ್ತಾಳೆ. ‘ನಿನ್ನ ಗಂಡ ಎಲ್ಲಿ?’ ಎಂದು ಅವಳನ್ನು ತಡೆಯುವವರಿಲ್ಲ. ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಆದರೆ ನಡೆಯುವವಳನ್ನು ನಡೆಯುವವಳೆಂದೇ ಲೆಕ್ಕ ಹಿಡಿಯುತ್ತಾರೆ, ಯಾರದೋ ಹೆಂಡತಿ ಎಂದಲ್ಲ. ಮರಾಠಿ ನೆರೆಯವರಿಂದ ನಾವು ಬೇಕಾದದ್ದು, ಬೇಡಾದದ್ದು ಎಷ್ಟೋ ಕಲಿತಿದ್ದೇವೆ. ಇದನ್ನೂ ಕಲಿತರೆ ಕನ್ನಡಕ್ಕೇನೂ ಕಡಿಮೆಯಾಗದು.

ಕಾಡಿನಲ್ಲಿ ಅಪಾಯವಿಲ್ಲವೇ ಎಂದು ಕೇಳುವವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಅಪಾಯವಿದೆ. ಕರಡಿಗೆ ಗಂಡಸು ಹೆಂಗಸು ಎಂಬ ಭೇದವಿಲ್ಲ. ಅದಕ್ಕೇ ಒಬ್ಬರೇ ಹೋಗಬಾರದು, ಗುಂಪಿನಲ್ಲಿ, ಹಗಲಿನಲ್ಲಿ ಹೋಗಬೇಕು, ಬೆಂಕಿ ಹಚ್ಚಬಾರದು. ಈ ನಿಯಮ ಎಲ್ಲರಿಗೂ ಒಂದೇ. ಗಂಡನೊಬ್ಬ ಜೊತೆಗಿದ್ದರೆ ಕಾಡು ಊರಾಗುವುದಿಲ್ಲ. ಅವನು ಮುಂದಿನ ಗುಂಪಿನಲ್ಲಿದ್ದರಂತೂ ಅವನಿದ್ದೂ ಇಲ್ಲದ ಹಾಗೆ.

‘ಬಿದ್ದವರನ್ನು ಯಾರು ನೋಡಬೇಕು?’ ಎಂಬುದು ಮತ್ತೊಂದು ಪ್ರಶ್ನೆ. ಇದು ನ್ಯಾಯದ ಪ್ರಶ್ನೆ. ಇದಕ್ಕೆ ನನಗೆ ತೋಚಿದ ರೀತಿ ಇಷ್ಟು. ನಿಂತವರು ತಾವೇ ಎದ್ದು, ತಾವೇ ಉಂಡು, ಬಸ್ಸಿನಲ್ಲಿ ಕೂರುವ ಹಾಗಿದ್ದರೆ ಇನ್ನೊಬ್ಬರು ನಡೆಯಲಿ. ಮಾತು ತಡವರಿಸುತ್ತಿದೆ, ಬಿಸಿಲಿನಲ್ಲೂ ಬೆವರು ನಿಂತಿದೆ, ಜ್ವರ ಏರಿದೆ ಎಂದರೆ ಇಬ್ಬರೂ ನಿಲ್ಲಲಿ. ಮಲ್ಲಯ್ಯ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಈ ರೀತಿ ಗಂಡನಿಗೂ ಹೆಂಡತಿಗೂ ಸಮನಾಗಿರಬೇಕು. ಹೆಂಡತಿ ಬಿದ್ದಾಗ ಗಂಡನೂ ಗುಳಿಗೆ ಹಿಡಿದು ಕೂರಲು ಸಿದ್ಧನಿರಬೇಕು. ಈ ಮಾತು ಹೊರಡುವ ಮೊದಲೇ ಮನೆಯಲ್ಲಿ ಆಗಲಿ. ಆತ್ಮಕೂರಿನಲ್ಲಿ ರಾತ್ರಿ ಹನ್ನೊಂದಕ್ಕೆ, 60 ಜನರ ಮುಂದೆ ಆಗುವುದು ಬೇಡ.

ಊರ ಹಿರಿಯರಲ್ಲಿ ಅರಿಕೆ

ನಮ್ಮ ಸೀಮೆಯ ಕಂಬಿ ಕಮಿಟಿಗಳಿಗೆ ನನ್ನ ಅರಿಕೆ ದೊಡ್ಡದೇನಲ್ಲ. ತಂಡದ ಪಟ್ಟಿಯಲ್ಲಿ ‘ಇಂಥವರು, ಪತ್ನೀ ಸಹಿತ’ ಎಂದು ಬರೆಯುವುದನ್ನು ಬಿಡಿ. ಹೆಣ್ಣುಮಕ್ಕಳ ಹೆಸರು ಬೇರೆ ಸಾಲಿನಲ್ಲಿ ಬರಲಿ, ಫೋನ್ ನಂಬರು ಸಹಿತ. ಸಾಮಾನಿನ ಟ್ರ್ಯಾಕ್ಟರಿನಲ್ಲಿ ನಾಲ್ಕು ಬಿದಿರು ಗಳ, ಒಂದು ತಾಡಪತ್ರಿ ಹಾಕಿಕೊಳ್ಳಿ. ನಿಂತ ಕಡೆಯೆಲ್ಲ ಹತ್ತು ನಿಮಿಷದಲ್ಲಿ ಹೆಣ್ಣುಮಕ್ಕಳಿಗೆ ಮರೆ ಆಗುತ್ತದೆ. ಇದಕ್ಕೆ ಎಷ್ಟು ಮಹಾ ಖರ್ಚು? ಪೆಂಡಾಲಿನ ಮೈಕಿಗೆ ಕೊಡುವ ಬಾಡಿಗೆಯೂ ಆಗಲಿಕ್ಕಿಲ್ಲ. ಮುಟ್ಟಾದವಳನ್ನು ಬಸ್ಸಿಗೆ ಹತ್ತಿಸುವ ಮೊದಲು ನಡೆಯುತ್ತೀಯೋ ಇಲ್ಲವೋ ಎಂದು ಅವಳನ್ನೇ ಕೇಳಿ. ಕಂಬಿಯ ಶಾಸ್ತ್ರ ನಿಮಗಿರಲಿ, ಹಾದಿ ಎಲ್ಲರದು.

ಹೊರಡುವ ದಿನವನ್ನೂ ನೋಡಿ ಇಡಿ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಇತ್ತು, 2024ರಲ್ಲಿ ಏಪ್ರಿಲ್ 9ಕ್ಕೆ. ಈ 18 ದಿನಗಳಲ್ಲಿ ಬಿಸಿಲಿನ ಬಣ್ಣವೇ ಬೇರೆ. ತಡವಾಗಿ ಬರುವ ವರ್ಷ ಎರಡು ದಿನ ಮೊದಲೇ ಹೊರಟು ದಿನದ ನಡಿಗೆ ಕಡಿಮೆ ಮಾಡಿದರೆ, ಹಿಂದೆ ಉಳಿದವರಿಗಾಗಿ ಮುಂದಿನವರು ನಿಲ್ಲಲು ಸಮಯ ಸಿಗುತ್ತದೆ. ತಂಡದ ವೇಗವನ್ನು ಹಿಂದಿನವರ ಕಾಲು ಗೊತ್ತುಮಾಡಬೇಕು, ಮುಂದಿನವರದಲ್ಲ.

ಆದವಾನಿ, ಎಮ್ಮಿಗನೂರಿನ ಕನ್ನಡ ಬಂಧುಗಳಲ್ಲಿಯೂ ಒಂದು ಮಾತು. ಮಜ್ಜಿಗೆ ಕೊಟ್ಟು ನಮ್ಮನ್ನು ಬದುಕಿಸಿದ್ದೀರಿ. ನಿಮಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ಆತ್ಮಕೂರಿನ ಶಿಬಿರದಲ್ಲಿ, ಪೆದ್ದ ಚೆರುವಿನಲ್ಲಿ ನಿಮ್ಮ ನಾಲ್ಕು ಮಂದಿ ಹೆಣ್ಣುಮಕ್ಕಳು ನಿಂತರೆ, ನಮ್ಮ ಹೆಣ್ಣುಮಕ್ಕಳು ಡಾಕ್ಟರ ಮುಂದೆ ತಮ್ಮ ನೋವನ್ನು ತಾವೇ ಹೇಳಿಕೊಳ್ಳಬಹುದು. ಈಗ ಆ ನೋವು ಗಂಡನ ಬಾಯಿಂದ, ಅವನ ಹರಕು ತೆಲುಗಿನಲ್ಲಿ, ಅರ್ಧ ಮಾತ್ರ ತಲುಪುತ್ತದೆ.

ಮಗಳ ಮನೆಗೆ ಉಡಿ ತುಂಬಲು ಹೊರಟಾಗ ಅಪ್ಪನ ಕಾಲು ನೋಯುತ್ತದೆಂದು ಅವ್ವ ಹಾದಿಯಿಂದ ತಿರುಗಿ ಬರುತ್ತಾಳೆಯೇ? ಅವ್ವ ಹೋಗಿ ಸೀರೆ ಕೊಟ್ಟು ಬರುತ್ತಾಳೆ, ಅಪ್ಪ ಹಿಂದಿನ ಬಸ್ಸಿಗೆ ಬರುತ್ತಾನೆ. ಮಗಳು ಇಬ್ಬರಿಗೂ ನೀರು ಕೊಡುತ್ತಾಳೆ. ಭ್ರಮರಾಂಬೆಯನ್ನು ಮಗಳೆಂದು ಕರೆಯುವ ನಮಗೆ ಇಷ್ಟು ತಿಳಿಯದಿದ್ದರೆ ಹೇಗೆ?

ಕಟ್ಟೆಯ ಮೇಲೆ ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು: “ಖರೇ ಅದ. ನಾ ಬಸ್ಸಿನ್ಯಾಗ ಹೋದೆ, ಆಕಿ ನಡದಳು.” ಮುಂದಿನ ಸಲ ನಡೆಯಲು ಮೊಣಕಾಲು ಒಪ್ಪುತ್ತದೋ ಇಲ್ಲವೋ ಡಾಕ್ಟರು ಇನ್ನೂ ಹೇಳಿಲ್ಲ. ನಮ್ಮಾಕಿ ಹೆಸರು ಕೊಟ್ಟು ಬಂದಿದ್ದಾಳೆ. ರಾಯಚೂರಿನಿಂದ ತಿರುಗಿ ಹೋದ ಆ ಹುಡುಗಿಯ ಮನೆಗೂ ಹೋಗಿ, ಅವಳನ್ನೂ ಕೇಳಿ, ಅವಳ ಹೆಸರನ್ನೂ ಬರೆಸಿದ್ದಾಳೆ. ಈ ಸಲ ಬೇರೆ ಸಾಲಿನಲ್ಲಿ.